ಗುಂಡಿಗೂ ಒಂದು ಹೊಟ್ಟೆ ಇದೆ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗೋಬರ್ ಗ್ಯಾಸ್ ಮತ್ತು ಊರ ಕಸದ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ನಮ್ಮ ಮನೆ ಇರುವುದು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. 1998ರಲ್ಲಿ ಹಿತ್ತಲಲ್ಲಿ ಕಟ್ಟಿಸಿದ ಗುಂಡಿಯ ಗ್ಯಾಸಿನಲ್ಲೇ ಇವತ್ತಿಗೂ ಬೆಳಗ್ಗೆ ಹಾಲು ಕಾಯುತ್ತದೆ.

ಅಕ್ಕ, ನಮ್ಮದು 2 ಘನ ಮೀಟರ್ ಗುಂಡಿ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂಥದ್ದು. ಟೊಮೆಟೊ ರೇಟು ಬಿದ್ದು ಮಂಡಿಯಿಂದ ಮಾಲು ವಾಪಸ್ ತಂದೆವು. ಬಿಸಾಡುವ ಬದಲು ಗುಂಡಿಗೆ ಸುರಿದೆವು. ಈಗ ಗ್ಯಾಸ್ ಬರುತ್ತದೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ. ಗುಂಡಿ ಹಾಳಾಯಿತಾ?
ರೈತರೊಬ್ಬರು, ಚಿಂತಾಮಣಿ ತಾಲ್ಲೂಕು

ಹಾಳಾಗಿಲ್ಲ ಅಣ್ಣ, ಹುಳಿಯಾಗಿದೆ. ನಿಮ್ಮ ಕಾಗದ ಓದುವಾಗ ನಮ್ಮ ಹಿತ್ತಲೇ ಕಣ್ಣಿಗೆ ಕಟ್ಟಿತು. ಒಂದು ವರ್ಷ ನಮಗೂ ಹೀಗೇ ಆಯಿತು. ಮಂಡಿಯಲ್ಲಿ ಕೇಳುವವರಿಲ್ಲದೆ ನಮ್ಮವರು ಗಾಡಿ ವಾಪಸ್ ಹೊಡೆದುಕೊಂಡು ಬಂದರು. ಬೆಳೆದ ಹಣ್ಣನ್ನು ರಸ್ತೆ ಬದಿಗೆ ಸುರಿಯಲು ಕೈ ಬರಲಿಲ್ಲ. ಎರಡು ದಿನದಲ್ಲಿ ಎಂಟು ಬಾಕ್ಸ್, ಅಂದರೆ 120 ಕೆಜಿ, ತುಳಿದು ಗುಂಡಿಗೆ ಹಾಕಿದೆವು. ಮೂರನೇ ದಿನ ವಾಲ್ವ್ ತಿರುಗಿಸಿದರೆ ಬುಸ್ ಅಂತ ಶಬ್ದ. ಎಷ್ಟು ಗ್ಯಾಸ್ ಬಂತಲ್ಲ ಅಂತ ಖುಷಿಪಟ್ಟೆ. ಕಡ್ಡಿ ಹಿಡಿದರೆ ಉರಿ ಒಂದು ಕ್ಷಣ ಬರ್ನರ್ ಮೇಲೆ ಎದ್ದು ನಿಂತು ಆರಿಹೋಯಿತು. ಬಗ್ಗಡ ಹೊರಬರುವ ಬಾಯಿಯ ಹತ್ತಿರ ಹೋದರೆ ಸಗಣಿಯ ವಾಸನೆ ಇಲ್ಲ, ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ.

ಆಗಿದ್ದು ಇಷ್ಟು. ಗುಂಡಿಯೊಳಗೆ ಎರಡು ಬಗೆಯ ಜೀವಾಣುಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ. ಮೊದಲನೆಯವು ತಿಂಡಿಯನ್ನು ಕೊಳೆಸಿ ಹುಳಿ ಮಾಡುತ್ತವೆ. ಎರಡನೆಯವು ಆ ಹುಳಿಯನ್ನು ತಿಂದು ಉರಿಯುವ ಮೀಥೇನ್ ಕೊಡುತ್ತವೆ. ಮೊದಲನೆಯವು ಚುರುಕು, ಎರಡನೆಯವು ನಿಧಾನ. ಟೊಮೆಟೊ ಮೊದಲೇ ಹುಳಿ, ಬೇಗ ಕೊಳೆಯುವ ಹಣ್ಣು. ಒಟ್ಟಿಗೆ ಸುರಿದರೆ ಹುಳಿ ಏರುತ್ತಲೇ ಹೋಗುತ್ತದೆ, ಅದನ್ನು ತಿನ್ನಬೇಕಾದವು ಸೊರಗುತ್ತವೆ. ಹುಳಿ ಅಳೆಯುವ ಅಂಕೆಗೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 6.8ರಿಂದ 7.5ರ ಒಳಗಿದ್ದರೆ ಅವಕ್ಕೆ ಹಿತ. 6.5ಕ್ಕಿಂತ ಕೆಳಗೆ ಬಂದರೆ ಕೆಲಸ ನಿಲ್ಲುತ್ತಾ ಬರುತ್ತದೆ. ಆಗ ಬರುವ ಗ್ಯಾಸ್‌ನಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ. ಅದು ಉರಿಯುವುದಿಲ್ಲ, ಉರಿಯನ್ನು ಆರಿಸುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಹತ್ತು ದಿನ ಗುಂಡಿಗೆ ಏನೂ ಹಾಕಬೇಡಿ, ಸಗಣಿಯನ್ನೂ ಬೇಡ. ಅಂಗಡಿಯಲ್ಲಿ ಪಿಎಚ್ ಪೇಪರ್ ಸಿಗುತ್ತದೆ, ಬಗ್ಗಡಕ್ಕೆ ಅದ್ದಿ ನೋಡಿ. ತೀರಾ ಹುಳಿ ಇದ್ದರೆ ಒಂದು ಹಿಡಿ ಸುಣ್ಣವನ್ನು ಒಂದು ಬಕೆಟ್ ನೀರಲ್ಲಿ ಕರಗಿಸಿ ತಿಳಿ ಮಾತ್ರ ಬಿಡಿ. ಮಾರನೇ ದಿನ ಮತ್ತೆ ಪೇಪರ್ ಅದ್ದಿ ನೋಡಿ, ಆಮೇಲೆ ಇನ್ನೊಂದು ಬಕೆಟ್. ಅವಸರಪಟ್ಟು ಸುಣ್ಣವನ್ನೇ ಸುರಿದರೆ ಇನ್ನೊಂದು ತೊಂದರೆ. ಪಕ್ಕದ ಊರಲ್ಲಿ ಚೆನ್ನಾಗಿ ಉರಿಯುವ ಗುಂಡಿ ಇದ್ದರೆ ಅಲ್ಲಿಂದ ನಾಲ್ಕೈದು ಬಿಂದಿಗೆ ಬಗ್ಗಡ ತಂದು ಹಾಕಿ. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ನಮ್ಮದು ಸರಿಹೋಗಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಅತ್ತೆ ಸೌದೆ ಒಲೆ ಮುಂದೆ ಕೂತು ಕೆಮ್ಮುತ್ತಿದ್ದರು. ಆ ಕೆಮ್ಮು ನನಗೆ ಇನ್ನೂ ಮರೆತಿಲ್ಲ.

ಒಂದು ಮಾತು ದಮ್ಮಯ್ಯ ಅಂತ ಕೇಳಿಕೊಳ್ಳುತ್ತೇನೆ. ಏನೇ ಆದರೂ ಗುಂಡಿಯ ಮುಚ್ಚಳ ತೆಗೆದು ಒಳಗೆ ಇಳಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆಯ ಗ್ಯಾಸ್ ಜಾಸ್ತಿ ಇದ್ದರೆ ಮೂಗಿಗೆ ಆ ವಾಸನೆಯೂ ಗೊತ್ತಾಗದೆ ಹೋಗುತ್ತದೆ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಮೇಲೆ ಬರುವುದಿಲ್ಲ.

ಹಾಗಂತ ಟೊಮೆಟೊ ಬೇಡವೇ ಬೇಡ ಅಂತಲ್ಲ. ನಾನು ಈಗ ಹತ್ತು ಬುಟ್ಟಿ ಸಗಣಿಗೆ ಒಂದು ಬುಟ್ಟಿ ಹಣ್ಣು ಲೆಕ್ಕ ಇಟ್ಟುಕೊಂಡಿದ್ದೇನೆ. ಚೆನ್ನಾಗಿ ಹಿಸುಕಿ ಹಾಕುತ್ತೇನೆ. ಹಣ್ಣಿನಲ್ಲಿ ನೂರಕ್ಕೆ 94 ಪಾಲು ನೀರೇ ಇರುವುದರಿಂದ ಆ ದಿನ ಕಲಸುವ ನೀರು ಅಷ್ಟು ಕಡಿಮೆ. ಔಷಧಿ ಹೊಡೆದು ಎರಡು ದಿನ ಆಗದ ಹಣ್ಣನ್ನು ಹತ್ತಿರವೂ ತರುವುದಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ಕೋಲಾರದ ಮಂಡಿ ಕಂಡಿದೆ, ಬಾಡಿಗೆಗೂ ಸಾಲದ ದಿನಗಳನ್ನೂ ಕಂಡಿದೆ. ಅಂಥ ದಿನ ಮಂಡಿಯ ಹಿಂದೆ ಕೊಳೆಯುವ ರಾಶಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಸುತ್ತ ಹಾಲಿನ ಡೇರಿ ಇಲ್ಲದ ಊರಿಲ್ಲ, ಸಗಣಿಗೆ ಬರವಿಲ್ಲ. ಹಣ್ಣನ್ನೂ ಸಗಣಿಯನ್ನೂ ಒಂದು ಕಡೆ ಸೇರಿಸಿದರೆ ದೊಡ್ಡ ಗುಂಡಿಯೂ ಚೆನ್ನಾಗಿ ನಡೆಯುತ್ತದೆ. ಬರೀ ಹಣ್ಣನ್ನೇ ನಂಬಿದರೆ ನಿಮ್ಮ ಮನೆಯಲ್ಲಿ ಆಗಿದ್ದೇ ದೊಡ್ಡದಾಗಿ ಆಗುತ್ತದೆ.

ನಮಗಿರುವುದು ಎರಡೇ ಸೀಮೆ ಹಸು. ಗೋಬರ್ ಗ್ಯಾಸ್ ಮಾಡಿಸಿದರೆ ಸಿಲಿಂಡರ್ ಬಿಡಬಹುದಾ ಅಕ್ಕ?
ಗೃಹಿಣಿ, ಗುಡಿಬಂಡೆ

ಪೂರ್ತಿ ಬಿಡಲು ಆಗುವುದಿಲ್ಲಮ್ಮ. ಒಂದು ವಾರ ಸಗಣಿಯನ್ನು ಬುಟ್ಟಿಯಲ್ಲಿ ತೂಗಿ ನೋಡಿ. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆ ಹಸು ದಿನಕ್ಕೆ ಹದಿನೈದು ಕೆಜಿ ಮೇಲೆ ಹಾಕುತ್ತದೆ. ಒಂದು ಕೆಜಿಗೆ ಸುಮಾರು 40 ಲೀಟರ್ ಗ್ಯಾಸ್. 2 ಘನ ಮೀಟರ್ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಅದು ಸರಿಯಾಗಿ ನಡೆದರೆ ಹದಿನಾರು ದಿನಕ್ಕೆ ಒಂದು ಸಿಲಿಂಡರ್‌ನಷ್ಟು ಉರಿ. ನಿಮ್ಮ 30 ಕೆಜಿಗೆ 1 ಘನ ಮೀಟರ್ ಗುಂಡಿಯೇ ಸರಿ. ಬೆಳಗಿನ ಅಡುಗೆ ಅದರಲ್ಲಿ ಆಗುತ್ತದೆ. ದೊಡ್ಡದು ಕಟ್ಟಿಸಿ ಅರೆಹೊಟ್ಟೆಯಲ್ಲಿ ಇಡಬೇಡಿ.

ನಿಮ್ಮ ಕಡೆ ಇದು ಹೊಸದೇನಲ್ಲ. ಬಾಗೇಪಲ್ಲಿ ಕೂಲಿ ಸಂಘದವರು ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳ ಬಡ ಮನೆಗಳಿಗೆ 5,500 ಗುಂಡಿ ಕಟ್ಟಿಸುವ ಯೋಜನೆ ಹಾಕಿ, 2005ರಲ್ಲಿ ಅದನ್ನು ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಯಲ್ಲಿ ನೋಂದಾಯಿಸಿದರು. ಸೌದೆ ಉರಿಸದೆ ಉಳಿಸಿದ ಹೊಗೆಗೂ ಬೆಲೆ ಸಿಗುತ್ತದೆ ಅಂತ ಆ ಕಾಲದಲ್ಲಿ ಯಾರು ನಂಬಿದ್ದರು ಹೇಳಿ? ಬಗ್ಗಡವನ್ನೂ ಸುಮ್ನೆ ಹರಿಯಲು ಬಿಡಬೇಡಿ. ಕೋಲಾರದ ಎಸ್‌ಕೆಜಿ ಸಂಘದವರು ಗುಂಡಿಯ ಜೊತೆಗೇ ಎರೆಗೊಬ್ಬರದ ತೊಟ್ಟಿ ಕಟ್ಟಿಸಿದರು. ಗೊಬ್ಬರ ಮಾರಿದ ದುಡ್ಡು ಮನೆಯ ಹೆಂಗಸರ ಕೈಗೇ ಬಂತು.

ನಾನು ಪಂಚಾಯ್ತಿ ಮೆಂಬರ್. ನಮ್ಮದು 500 ಮನೆಯ ಊರು. ಊರ ಕಸವನ್ನೆಲ್ಲ ಒಂದೇ ಯಂತ್ರದಲ್ಲಿ ಸುಟ್ಟು ಕರೆಂಟ್ ಮಾಡಿಕೊಡುತ್ತೇವೆ, ಬೇರೆ ಮಾಡುವ ಗೋಜೇ ಬೇಡ ಅಂತ ಒಬ್ಬರು ಬಂದಿದ್ದರು. ನಂಬಬಹುದಾ?
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ

ಬೇರೆ ಮಾಡುವ ಗೋಜೇ ಬೇಡ ಅಂದರಲ್ಲ, ಅಲ್ಲೇ ಎಚ್ಚರವಾಗಿ ಸರ್. ನಮ್ಮ ಊರುಗಳ ಕಸ ಅಂದರೆ ಅನ್ನ, ತರಕಾರಿ ಸಿಪ್ಪೆ, ಬಾಳೆ ಎಲೆ. ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಒದ್ದೆ ಸೌದೆಯನ್ನು ಒಲೆಗೆ ಇಟ್ಟರೆ ಏನಾಗುತ್ತದೆ ಅಂತ ನಿಮ್ಮ ಮನೆಯವರನ್ನೇ ಕೇಳಿ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಕಸ ಸುಟ್ಟು ಕರೆಂಟ್ ತೆಗೆಯುವ ದೊಡ್ಡ ಘಟಕ ಕಟ್ಟಿದರು. ಅಲ್ಲಿಗೆ ಬಂದ ಕಸದಲ್ಲಿ ಬೇಕಾದಷ್ಟು ಉರಿಯೇ ಇರಲಿಲ್ಲ, ಕೆಲವೇ ದಿನಗಳಲ್ಲಿ ನಿಂತುಹೋಯಿತು. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಬೇರೆ ಮಾಡಿ ಅಂದವು. ಮತ್ತೆ ಬಳಸಲಾಗದ, ಕೆಜಿಗೆ 1,500 ಕಿಲೋ ಕ್ಯಾಲೊರಿಗಿಂತ ಜಾಸ್ತಿ ಶಾಖ ಕೊಡುವ ಕಸವನ್ನು ಇಂಧನಕ್ಕೆ ಬಳಸಿ ಅಂದವು. ನಿಮ್ಮ ಊರ ಹಸಿ ಕಸ ಆ ಲೆಕ್ಕಕ್ಕೆ ಬರುವುದಿಲ್ಲ.

ಅದೇ ಹಸಿ ಕಸ ಗುಂಡಿಗೆ ಒಳ್ಳೆಯ ಊಟ. ಮನೆಗೆ ಅರ್ಧ ಕೆಜಿ ಅಂದುಕೊಳ್ಳಿ. 500 ಮನೆಗೆ 250 ಕೆಜಿ. ಸಗಣಿ ಸೇರಿಸಿ ಹದವಾಗಿ ನಡೆಸಿದರೆ ದಿನಕ್ಕೆ 20 ಘನ ಮೀಟರ್ ಹತ್ತಿರ ಗ್ಯಾಸ್. ಸಣ್ಣ ಎಂಜಿನ್ ಇಟ್ಟರೆ 30 ಯೂನಿಟ್ ಕರೆಂಟ್. 20 ವ್ಯಾಟಿನ ನೂರು ಬೀದಿ ದೀಪ ರಾತ್ರಿಯಿಡೀ ಉರಿಯಲು 24 ಯೂನಿಟ್ ಸಾಕು. ಊರಿಗೆಲ್ಲ ಕರೆಂಟ್ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಬೀದಿ ದೀಪ ಉರಿಸುತ್ತೇವೆ, ಅಥವಾ ಶಾಲೆಯ ಬಿಸಿಯೂಟಕ್ಕೆ ಗ್ಯಾಸ್ ಕೊಡುತ್ತೇವೆ ಅಂದರೆ ಕೂತು ಮಾತಾಡಿ. ಎಂಜಿನ್ ಖರ್ಚಿಲ್ಲದ್ದರಿಂದ ನನಗೆ ಬಿಸಿಯೂಟವೇ ಹೆಚ್ಚು ಇಷ್ಟ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಪಾಠ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಅಂತ ಒಂದು ವಿಭಾಗ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ. ಹತ್ತಿರದ ಪುರ ಗ್ರಾಮದಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಕಟ್ಟಿದರು. ಮೊದಲ ಆಸೆ ಎಲ್ಲರ ಮನೆ ಅಡುಗೆಗೂ ಗ್ಯಾಸ್ ಕೊಡುವುದು. ಊರ ಸಗಣಿ ಅಷ್ಟಕ್ಕೆ ಸಾಲಲಿಲ್ಲ, ಆ ಪ್ರಯತ್ನ ಬಿತ್ತು. ಆಗ ಊರವರಿಗೆ ಎಲ್ಲಕ್ಕಿಂತ ಮುಂಚೆ ಬೇಕಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಜನ ಸಗಣಿ ತಂದು ತೂಗಿಸಿ ಹಾಕುತ್ತಿದ್ದರು. ತಂದಷ್ಟಕ್ಕೆ ತಕ್ಕ ಬಗ್ಗಡ ಹೊಲಕ್ಕೆ ವಾಪಸ್ ಹೋಗುತ್ತಿತ್ತು, ಮೇಲೆ ಸ್ವಲ್ಪ ಕಾಸೂ ಸಿಗುತ್ತಿತ್ತು. ತೂಕದ ಪುಸ್ತಕ ಎಲ್ಲರ ಕಣ್ಣ ಮುಂದೆ ಇದ್ದದ್ದೇ ಅದು ನಡೆಯಲು ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ಹಾಗಾಗಿ ಯಂತ್ರದವರನ್ನು ಮತ್ತೆ ಕರೆಯುವ ಮುಂಚೆ ಒಂದು ತಿಂಗಳು ಕಸದ ಗಾಡಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ತರಿಸಿ ತೂಗಿಸಿ. ಪ್ಲಾಸ್ಟಿಕ್ ಕವರ್ ಎಷ್ಟು ಸೇರಿ ಬರುತ್ತದೆ ನೋಡಿ. ದಿನಾ ಬೆಳಗ್ಗೆ ಕಲಸಿ ಹಾಕುವವರು ಯಾರು, ಅವರಿಗೆ ಸಂಬಳ ಯಾವ ಬಾಬತ್ತಿನಿಂದ, ಅವರು ಮದುವೆಗೆ ಹೋದ ದಿನ ಯಾರು ಹಾಕುತ್ತಾರೆ? ಇದನ್ನು ಗ್ರಾಮಸಭೆಯಲ್ಲಿ ಬರೆಸಿಕೊಳ್ಳಿ. ಕಸ ಮುಟ್ಟುವ ಆ ಕೈಗಳಿಗೆ ಗ್ಲೌಸ್, ಬೂಟು, ಸ್ನಾನಕ್ಕೆ ನೀರು ಕೊಡದ ಯೋಜನೆ ನನಗೆ ಬೇಡ, ನಿಮಗೂ ಬೇಡ.

ತೆಂಗಿನ ಮಟ್ಟೆ, ಚಿಪ್ಪು ರಾಶಿ ಬಿದ್ದಿದೆ. ಗುಂಡಿಗೆ ಹಾಕಬಹುದಾ?
ತಿಪಟೂರು

ಹಾಕಬೇಡಿ. ಹಸು ತಿಂದು ಅರಗಿಸಿಕೊಳ್ಳಲಾಗದ್ದನ್ನು ಗುಂಡಿಯೂ ಅರಗಿಸಿಕೊಳ್ಳುವುದಿಲ್ಲ. ಮಟ್ಟೆ ಮೇಲೆ ತೇಲಿ ಗಟ್ಟಿ ಕೆನೆ ಕಟ್ಟುತ್ತದೆ, ಕೊಳವೆಯೂ ಕಟ್ಟಿಕೊಳ್ಳುತ್ತದೆ. ಒಣಗಿದ ಚಿಪ್ಪಿನ ದಾರಿ ಬೇರೆ. ಅದು ಗ್ಯಾಸಿಫೈಯರ್‌ಗೆ ಒಳ್ಳೆಯ ಇಂಧನ. ಕಡಿಮೆ ಗಾಳಿ ಬಿಟ್ಟು ಅರೆಬರೆ ಉರಿಸಿದರೆ ಬರುವ ಗ್ಯಾಸಿನಿಂದ ಎಂಜಿನ್ ಓಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಣ ಸೌದೆಯಾದರೆ ಒಂದು ಕೆಜಿ, ಒಂದೂಕಾಲು ಕೆಜಿ ಬೇಕು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಮರದ ತುಂಡು ಹಾಕಿ ಹೀಗೇ ದೀಪ ಉರಿಸಿದರು, ಆಮೇಲೆ ನೀರೆತ್ತಿದರು, ಹಿಟ್ಟಿನ ಗಿರಣಿ ಓಡಿಸಿದರು. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆಯೇ ಇಲ್ಲದ ವಿಷ. ಯಂತ್ರವನ್ನು ಗಾಳಿಯಾಡುವ ಶೆಡ್ಡಿನಲ್ಲೇ ಇಡಬೇಕು. ಒಬ್ಬರ ಮನೆಗೆ ಇದು ಭಾರ. ಕೊಬ್ಬರಿ ಸುಲಿಯುವ ನಾಲ್ಕಾರು ಮಂದಿ ಸೇರಿದರೆ ಯೋಚಿಸಬಹುದು.

ರೇಷ್ಮೆ ಹುಳುವಿನ ಹಿಕ್ಕೆ ಹಾಕಿದ ಮೇಲೆ ಗ್ಯಾಸ್ ಕಡಿಮೆ ಆಯಿತು. ಹಿಕ್ಕೆ ಆಗಿಬರುವುದಿಲ್ವಾ?
ಶಿಡ್ಲಘಟ್ಟ ತಾಲ್ಲೂಕು

ಹಿಕ್ಕೆ ಚೆನ್ನಾಗಿಯೇ ಆಗಿಬರುತ್ತದೆ. ನನಗೆ ಅನುಮಾನ ಇರುವುದು ಹುಳು ಮನೆಯಲ್ಲಿ ಎರಚುವ ಬ್ಲೀಚಿಂಗ್ ಪೌಡರ್ ಮೇಲೆ. ರೋಗದ ಜೀವಾಣು ಕೊಲ್ಲಲು ಹಾಕುವ ಪುಡಿ ಗುಂಡಿಯ ಜೀವಾಣುಗಳನ್ನೂ ಬಿಡುವುದಿಲ್ಲ. ಪುಡಿ ಹಾಕಿದ ದಿನದ ಹಾಸು ಬೇರೆ ತೆಗೆದಿಡಿ. ಹಿಪ್ಪುನೇರಳೆ ಕಡ್ಡಿ ಆರಿಸಿ, ಹಿಕ್ಕೆ ಮತ್ತು ಎಳೆ ಸೊಪ್ಪು ಮಾತ್ರ ಒಂದು ರಾತ್ರಿ ನೀರಲ್ಲಿ ನೆನೆಸಿ, ಸಗಣಿಯ ಜೊತೆ ಕಲಸಿ ಹಾಕಿ. ರೋಗ ಬಂದು ಸತ್ತ ಹುಳುವನ್ನು ಸುಡಿ ಅಥವಾ ಆಳವಾಗಿ ಹೂಳಿ. ಅದು ಬಗ್ಗಡದ ಜೊತೆ ತೋಟಕ್ಕೆ ಹೋದರೆ ಮುಂದಿನ ಬೆಳೆಗೂ ಕಾಟ.

ಡಿಸೆಂಬರ್ ಬಂದರೆ ನಮ್ಮ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ಅಮ್ಮ ಬೆಳಗ್ಗೆ ಐದಕ್ಕೇ ಸಗಣಿ ಹಾಕಿ ಮುಗಿಸುತ್ತಾರೆ. ಏನು ಮಾಡಲಿ?
ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು

ಐದು ಗಂಟೆಯ ನೀರು ಕೈ ಮರಗಟ್ಟಿಸುತ್ತದೆ ಅಲ್ವಾ? ಗುಂಡಿಗೂ ಹಾಗೇ ಆಗುತ್ತದೆ ಮಗಳೇ. ಒಳಗಿನ ಜೀವಾಣುಗಳಿಗೆ 35 ಡಿಗ್ರಿ ಅಂದರೆ ಹಬ್ಬ, 20ರ ಕೆಳಗೆ ಇಳಿದರೆ ಮಂಕಾಗುತ್ತವೆ. ಚಳಿಗಾಲ ಮುಗಿಯುವ ತನಕ ಸಗಣಿ ಹಾಕುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗುಮ್ಮಟದ ಮೇಲೆ ಒಂದು ಮೊಳ ದಪ್ಪ ರಾಗಿ ಹುಲ್ಲು ಹೊದಿಸಿ, ಗಾಳಿಗೆ ಹಾರದಂತೆ ಮೇಲೊಂದು ಹಳೆಯ ಗೋಣಿ ಚೀಲ ಹಾಕಿ. ನೀನು ಕಾಲೇಜಿಗೆ ಹೊರಡುವಾಗ ಎರಡು ಕಪ್ಪು ಬಿಂದಿಗೆಯಲ್ಲಿ ನೀರು ತುಂಬಿ ಬಿಸಿಲಿಗೆ ಇಟ್ಟು ಹೋಗು. ಅಮ್ಮ ಒಂದು ಗಂಟೆಗೆ ಅದರಲ್ಲೇ ಕಲಸಲಿ.