ಓದುಗರ ಪ್ರಶ್ನೆ: ಸಿಆರ್‌ಪಿ ಜಾಸ್ತಿ ಬಂದಿದೆ, ಅರಿಶಿನದ ಕ್ಯಾಪ್ಸೂಲ್ ತಗೊಳ್ಳಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲೇ ಕೂತಿರುತ್ತೇನೆ. ಊಟ ಮಾಡುವಾಗ ರಾತ್ರಿ ಹತ್ತೂವರೆ ಆಗುತ್ತದೆ. ಚೆಕಪ್‌ನಲ್ಲಿ ಎಚ್‌ಎಸ್-ಸಿಆರ್‌ಪಿ 4.2 ಬಂತು, ಮೈಯಲ್ಲಿ ಉರಿಯೂತ ಇದೆ ಅಂದರು. ನನಗೆ ನೋವೂ ಇಲ್ಲ, ಊತವೂ ಇಲ್ಲ. ಸ್ನೇಹಿತರು ಅರಿಶಿನದ ಕ್ಯಾಪ್ಸೂಲ್ ಶುರು ಮಾಡು ಅಂತಾರೆ.

ಉತ್ತರ: ಕ್ಯಾಪ್ಸೂಲ್ ಸದ್ಯಕ್ಕೆ ಬೇಡ. ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್, ಎಚ್‌ಎಸ್-ಸಿಆರ್‌ಪಿ ಅದನ್ನೇ ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ. ರಕ್ತ ಕೊಟ್ಟ ಹೊತ್ತಿಗೆ ನೆಗಡಿ, ಜ್ವರ, ಹಲ್ಲುನೋವು ಏನಾದರೂ ಇತ್ತಾ? ಇದ್ದರೆ ಸಿಆರ್‌ಪಿ ಏರುವುದು ಸಹಜ. ಎರಡು ವಾರ ಬಿಟ್ಟು, ಆರಾಮಾಗಿರುವಾಗ ಇನ್ನೊಮ್ಮೆ ಮಾಡಿಸಿ. ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. 3 ದಾಟಿದರೆ ಹೃದಯದ ಕಡೆ ಗಮನ ಕೊಡಬೇಕು, ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಬೇಕು. 10 ದಾಟಿದರೆ ಎಲ್ಲಾದರೂ ಸೋಂಕು ಇದೆಯೇ ಅಂತ ಹುಡುಕುತ್ತೇವೆ.

ಗಾಯವಾದಾಗ ಕೆಂಪಗೆ ಊದಿಕೊಳ್ಳುತ್ತದಲ್ಲ, ಅದು ನಮ್ಮನ್ನು ಕಾಪಾಡುವ ಉರಿಯೂತ, ಕೆಲಸ ಮುಗಿದ ಮೇಲೆ ತಾನೇ ಇಳಿಯುತ್ತದೆ. ಇನ್ನೊಂದು ಬಗೆ ಇಳಿಯುವುದೇ ಇಲ್ಲ, ನೋವಿಲ್ಲದೆ ವರ್ಷಗಟ್ಟಲೆ ಸಣ್ಣಗೆ ನಡೆಯುತ್ತಿರುತ್ತದೆ. ಕೂತು ಕೆಲಸ ಮಾಡುವವರಲ್ಲಿ ಅದಕ್ಕೆ ದೊಡ್ಡ ಕಾರಣ ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರಿಕೊಳ್ಳುವ ಕೊಬ್ಬು. ಈ ಕೊಬ್ಬು ಸುಮ್ನೆ ಬಿದ್ದಿರುವುದಿಲ್ಲ, ಇಂಟರ್‌ಲ್ಯೂಕಿನ್-6ರಂಥ ಉರಿಯೂತ ಎಬ್ಬಿಸುವ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಅದಕ್ಕೆ ಸ್ಪಂದಿಸಿ ಲಿವರ್ ಸಿಆರ್‌ಪಿ ತಯಾರಿಸುತ್ತದೆ.

ಅಂಗಡಿಯಲ್ಲಿ ಟೇಪ್ ಇರುತ್ತೆ ಅಲ್ವಾ? ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ನಮ್ಮವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮಿತಿ. ಜಾಸ್ತಿ ಇದ್ದರೆ ನಿಮ್ಮ ಮದ್ದು ಅಲ್ಲೇ ಇದೆ, ಆ ಅಳತೆ ಇಳಿದಂತೆ ಸಾಮಾನ್ಯವಾಗಿ ಸಿಆರ್‌ಪಿಯೂ ಇಳಿಯುತ್ತದೆ.

ರಾತ್ರಿ ಊಟ ಎಂಟರ ಹೊತ್ತಿಗೆ ಮುಗಿಸಿ, ಮನೆಯಿಂದ ಬುತ್ತಿ ತರಿಸಿಕೊಂಡರೂ ಸರಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು, ಅದನ್ನು ದಿನಕ್ಕಿಷ್ಟು ಅಂತ ಹಂಚಿಕೊಳ್ಳಿ. ಗಲ್ಲಾದಿಂದ ಅರ್ಧ ಗಂಟೆಗೊಮ್ಮೆ ಎದ್ದು, ಗಿರಾಕಿಗೆ ಥಾನು ನೀವೇ ಇಳಿಸಿ ತೋರಿಸಿ.

ತಿನ್ನುವುದರಲ್ಲಿ ನಿಮ್ಮೂರಿನ ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯ ಸೊಪ್ಪು, ಅಗಸೆ ಚಟ್ನಿಪುಡಿ ಇಷ್ಟು ಚೆನ್ನಾಗಿರುವಾಗ ದುಬಾರಿ ಹಣ್ಣಿನ ಹಿಂದೆ ಹೋಗಬೇಕಾಗಿಲ್ಲ. ಸಂಜೆಯ ಮಂಡಕ್ಕಿ-ಮಿರ್ಚಿ ಅಪರೂಪಕ್ಕೆ ಇರಲಿ, ದಿನಾ ಬೇಡ. ಸಕ್ಕರೆ ಹಾಕಿದ ಚಹಾ ಅಂಗಡಿಯಲ್ಲಿ ಎಷ್ಟು ಸಲ ಬರುತ್ತದೆ ಅಂತ ಎಣಿಸಿ, ಅರ್ಧಕ್ಕೆ ಇಳಿಸಿ.

ನಿದ್ದೆ ಏಳು ಗಂಟೆ ಆಗಲೇಬೇಕು. ಕ್ಯಾಪ್ಸೂಲ್‌ಗೆ ತಿಂಗಳಿಗೆ ದುಡ್ಡು ಸುರಿಯುವವರು ನಿದ್ದೆಗೆ ಇನ್ನೊಂದು ಗಂಟೆ ಕೊಡಲು ಹಿಂದೆಮುಂದೆ ನೋಡುತ್ತಾರೆ, ನನಗೆ ಬೇಸರವಾಗುವುದು ಅದಕ್ಕೇ. ಹಲ್ಲುಜ್ಜುವಾಗ ರಕ್ತ ಬಂದರೆ ದಂತವೈದ್ಯರಿಗೆ ತೋರಿಸಿ, ವಸಡಿನ ಕಾಯಿಲೆಯೂ ಸಿಆರ್‌ಪಿ ಏರಿಸುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಇವತ್ತೇ ಬಿಡಿ.

ಇನ್ನು ಅರಿಶಿನ. ಸಾರು-ಪಲ್ಯಕ್ಕೆ ಹಾಕುವುದು ಹಾಕಿ. ಅದರಲ್ಲಿರುವ ಕರ್ಕ್ಯುಮಿನ್ ಮೈಗೆ ಹತ್ತುವುದೇ ಕಷ್ಟ, ಹಾಗಾಗಿ ಕ್ಯಾಪ್ಸೂಲ್‌ನಲ್ಲಿ ಕಾಳುಮೆಣಸಿನ ಸಾರ ಸೇರಿಸಿ ಹೀರಿಕೆ ಹೆಚ್ಚಿಸುತ್ತಾರೆ. ಇಂಥವನ್ನು ತೆಗೆದುಕೊಂಡು ಲಿವರ್‌ಗೆ ಪೆಟ್ಟಾದವರೂ ಇದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಪ್ರಶ್ನೆ: ನನಗೆ 32, ಶಿರಸಿಯವಳು. ಮೂರು ತಿಂಗಳಿಂದ ಬೆಳಿಗ್ಗೆ ಎದ್ದಾಗ ಎರಡೂ ಕೈಬೆರಳ ಗೆಣ್ಣು ಬಿಗಿದಿರುತ್ತವೆ. ಒಂದು ಗಂಟೆಯಾದರೂ ಬಿಡುವುದಿಲ್ಲ. ಯಾವ ಪಥ್ಯ ಮಾಡಲಿ?

ಉತ್ತರ: ಪಥ್ಯದ ಯೋಚನೆ ಈಗ ಬೇಡ ತಂಗಿ. ಇದು ರುಮಟಾಯ್ಡ್ ಸಂಧಿವಾತ ಇರಬಹುದು. ಅದರಲ್ಲಿ ನಮ್ಮ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುತ್ತದೆ, ತಡವಾದಷ್ಟೂ ಮೂಳೆ ಸವೆಯುತ್ತದೆ, ಸವೆದದ್ದು ಮತ್ತೆ ಬರುವುದಿಲ್ಲ. ಈ ವಾರವೇ ಸಂಧಿವಾತ ತಜ್ಞರನ್ನು ನೋಡಿ. ಹತ್ತಿರ ಇಲ್ಲದಿದ್ದರೆ ಫಿಸಿಶಿಯನ್ ಬಳಿ ಹೋಗಿ, ಈ ಕಾಯಿಲೆ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ರಕ್ತಪರೀಕ್ಷೆ ಬೇಕಾ ಅಂತ ನೀವಾಗಿಯೇ ಕೇಳಿ. ಮಾತ್ರೆ ಕೊಟ್ಟರೆ, ನೋವು ಇಳಿಯಿತು ಅಂತ ನಡುವೆ ನಿಲ್ಲಿಸಬೇಡಿ. ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ, ಕೆಲವು ಮಾತ್ರೆ ಆಗ ಕೊಡುವಂತಿಲ್ಲ.