ಓದುಗರ ಪ್ರಶ್ನೆ, ನಮ್ಮ ಉತ್ತರ: ಬಡಾವಣೆಯ ಪಕ್ಕದ ಹೊಲ

ಪ್ರಶ್ನೆ: ಮಾಗಡಿ ತಾಲ್ಲೂಕಿನಲ್ಲಿ ತಂದೆಯವರಿಂದ ಬಂದ ಮೂರೂವರೆ ಎಕರೆ ಹೊಲವಿದೆ. ಒಂದು ಬದಿಗೆ ಹಳ್ಳ, ಉಳಿದ ಮೂರು ಕಡೆ ಹಳೆಯ ಕಳ್ಳಿಸಾಲು. ನಿವೃತ್ತನಾದ ಮೇಲೆ ವಾರದಲ್ಲಿ ನಾಲ್ಕು ದಿನ ಅಲ್ಲಿಯೇ ಇರುತ್ತೇನೆ. ಬೆಳಗ್ಗೆ ನವಿಲು ಮತ್ತು ಗೌಜಲಕ್ಕಿ ಬರುತ್ತವೆ, ರಾತ್ರಿ ನರಿ ಊಳಿಡುತ್ತದೆ. ಈಗ ಪಕ್ಕದ ಜಮೀನು ಮಾರಾಟವಾಗಿ ನಿವೇಶನದ ಕಲ್ಲು ನೆಟ್ಟಿದ್ದಾರೆ. ಪ್ರಾಣಿಗಳಿಗೂ ನನಗೂ ನೆಮ್ಮದಿ ಇರಲೆಂದು ಸುತ್ತ ಏಳಡಿ ಕಾಂಪೌಂಡ್ ಕಟ್ಟಿಸುವುದು ಸರಿಯೇ?

ಉತ್ತರ: ದಯವಿಟ್ಟು ಕಟ್ಟಿಸಬೇಡಿ. ನೀವು ಕೇಳುವ ನರಿ ನಿಮ್ಮ ಹೊಲದ ನಿವಾಸಿಯಲ್ಲ. ಹಳ್ಳದ ಗುಂಟ ಬಂದು, ನಿಮ್ಮ ಕಳ್ಳಿಸಾಲಿನಡಿ ನುಸುಳಿ, ಇಲಿಯನ್ನೋ ಎಲಚಿ ಹಣ್ಣನ್ನೋ ತಿಂದು, ಬೆಳಗಾಗುವುದರೊಳಗೆ ಇನ್ನೊಬ್ಬರ ಬದುವಿನತ್ತ ಹೊರಟುಹೋಗುವ ದಾರಿಹೋಕ. ಗೋಡೆ ಎದ್ದ ದಿನ ಅದು ಹೊರಗೆ ಉಳಿಯುತ್ತದೆ, ನೀವು ಒಳಗೆ. ನಿಮ್ಮ ಮೂರೂವರೆ ಎಕರೆಯಲ್ಲಿ ಕಾಪಾಡಿಕೊಳ್ಳಬೇಕಾದದ್ದು ನಡುವಿನ ಹೊಲಕ್ಕಿಂತ ಹೆಚ್ಚಾಗಿ ಅದರ ಅಂಚುಗಳನ್ನು.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ತೋಟದ ಒಂದು ಮಗ್ಗುಲಲ್ಲಿ ಕಳ್ಳಿ, ಕತ್ತಾಳೆ, ಲಂಟಾನ ಹೆಣೆದುಕೊಂಡು ಬೆಳೆದಿದ್ದ ಬೇಲಿಯನ್ನು ‘ಗಲೀಜು’ ಎಂದು ಜೆಸಿಬಿಯಿಂದ ಕೀಳಿಸಿ ಕಲ್ಲುಕಂಬ ಮತ್ತು ಜಾಲರಿ ಹಾಕಿಸಿದವನು ನಾನು. ಕೀಳಿಸುವ ಮುನ್ನ ಆ ಬೇಲಿಯ ಬುಡದಲ್ಲಿ ಗೇಣಗಲದ ಒಂದು ಕಿಂಡಿಯಿತ್ತು; ನೆಲ ನುಣ್ಣಗೆ ಸವೆದಿತ್ತು, ಮುಳ್ಳಿಗೆ ಕಂದು ಕೂದಲು ಸಿಕ್ಕಿಕೊಂಡಿತ್ತು, ಪಕ್ಕದಲ್ಲಿ ಎಲಚಿ ಬೀಜ ತುಂಬಿದ ಹಿಕ್ಕೆ ಬಿದ್ದಿತ್ತು. ಅದು ಬಾಗಿಲು ಎಂದು ಆಗ ತಿಳಿಯಲಿಲ್ಲ. ಮರುವರ್ಷ ಗೌಜಲಕ್ಕಿಯ ಕೂಗೂ ನಿಂತಿತು, ಏಕೆಂದರೆ ಅದು ನೆಲದ ಮೇಲೆ ಪೊದೆಯ ಮರೆಯಲ್ಲಿ ಮೊಟ್ಟೆಯಿಡುವ ಹಕ್ಕಿ. ಆದ್ದರಿಂದ ನಿಮ್ಮ ಕಳ್ಳಿಸಾಲನ್ನು ಹಾಗೆಯೇ ಬಿಡಿ. ಬಡಾವಣೆಯ ಕಡೆಗೆ ದನ ಮತ್ತು ಜನರ ತಡೆಗಾಗಿ ಜಾಲರಿ ಬೇಕೇಬೇಕೆಂದಾದರೆ ಕಳ್ಳಿಸಾಲಿನ ಒಳಬದಿಗೆ ಹಾಕಿಸಿ, ಅಲ್ಲಲ್ಲಿ ನೆಲದಿಂದ ಒಂದಡಿ ಎತ್ತರಿಸಿ ಬಿಡಿ. ಮೊಲ, ಮುಂಗುಸಿ, ಉಡ, ನರಿ ಎಲ್ಲಕ್ಕೂ ಅಷ್ಟು ಸಾಕು.

ಗೋಡೆಗೆ ತೆಗೆದಿಟ್ಟ ಹಣದಲ್ಲಿ ಚೂರು ಭಾಗವನ್ನು ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆ ಮಾಡಿಸಿ ಜಮೀನಿನ ಗಡಿ ಗುರುತಿಸಿಕೊಳ್ಳುವುದಕ್ಕೆ, ಖರ್ಚು ಮಾಡಿ. ಗ್ರಾಮ ನಕಾಶೆಯಲ್ಲಿ ನಿಮ್ಮ ಹಳ್ಳವೂ ಹಳೆಯ ಬಂಡಿದಾರಿಯೂ ಎಲ್ಲಿವೆಯೆಂದು ನೋಡಿ. ಹಳ್ಳ, ದಾರಿ, ಕೆರೆಯಂಗಳ ಮುಂತಾದವು ದಾಖಲೆಯಲ್ಲಿ ಸಾಮಾನ್ಯವಾಗಿ ‘ಬಿ ಖರಾಬು’ ಎಂದು ನಮೂದಾಗಿರುತ್ತವೆ. ಅವು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಜಾಗಗಳು, ಪಕ್ಕದ ಜಮೀನು ಕೊಂಡವರ ಸ್ವತ್ತಲ್ಲ. ಆದರೆ ನಿವೇಶನ ಮಾಡುವಾಗ ಮೊದಲು ಮಣ್ಣು ಬೀಳುವುದು ಹಳ್ಳಕ್ಕೇ. ಮೋರಿ ಕೊಳವೆ ಹೂತು ಮೇಲೆ ರಸ್ತೆ ಮಾಡಿದರೆ ನೀರೇನೋ ಹರಿದೀತು, ಹಳ್ಳದ ದಡದ ಪೊದೆಯಲ್ಲಿ ಓಡಾಡುತ್ತಿದ್ದ ಜೀವಗಳ ದಾರಿ ಅಲ್ಲಿಗೆ ಮುಗಿಯಿತು. ಮಣ್ಣು ಬಿದ್ದ ಮೇಲೆ ಅಲೆಯುವುದಕ್ಕಿಂತ, ಕಲ್ಲು ನೆಟ್ಟಿರುವ ಈಗಲೇ ಸರ್ವೆ ನಕಲಿನೊಂದಿಗೆ ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಬಡಾವಣೆಯನ್ನು ತಡೆಯುವುದು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರೂ ಹೊಲ ಕೊಳ್ಳುವುದು ಸುಲಭವಾಗಿದೆ. ದಾಬಸ್‌ಪೇಟೆ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆ ನಿಮ್ಮ ಮಾಗಡಿಯನ್ನೂ ಬಳಸಿಕೊಂಡಿದೆ. ಹೊಸ ನೆರೆಯವರು ಬಂದೇ ಬರುತ್ತಾರೆ. ಅವರಲ್ಲಿ ಎರಡು ವಿಷಯಗಳನ್ನು ಸ್ನೇಹದಿಂದಲೇ ಕೇಳಿಕೊಳ್ಳಿ: ದೀಪಗಳ ಬೆಳಕು ಕೆಳಮುಖವಾಗಿ, ಹಳದಿಯಾಗಿ ಇರಲಿ, ಕಸ ಬಯಲಿಗೆ ಬೀಳದಿರಲಿ. ಕಸವಿದ್ದಲ್ಲಿ ಬೀದಿನಾಯಿಗಳ ಹಿಂಡು ಸೇರುತ್ತದೆ. ಮೊಲದ ಮರಿಯನ್ನೂ ನವಿಲಿನ ಮರಿಯನ್ನೂ ಅವು ಉಳಿಸುವುದಿಲ್ಲ, ಮೇಲಾಗಿ ನಾಯಿಯ ಆಸೆಗೆ ಚಿರತೆಯೂ ಬಂದೀತು. ಆಗ ಊರಿನವರೆಲ್ಲ ಬೋನು ಇಡಿ ಎಂದು ಕೂಗುವುದು ನಿಮ್ಮ ಹಳ್ಳದ ಕಡೆಗೇ ಕೈ ತೋರಿಸಿ. ನಿಮ್ಮ ಮನೆಯ ಹೊರದೀಪವನ್ನೂ ಒಂಬತ್ತಕ್ಕೆ ಆರಿಸಿ ಜಗಲಿಯ ಮೇಲೆ ಕತ್ತಲಲ್ಲಿ ಕೂತು ನೋಡಿ. ಈವರೆಗೆ ಕಿವಿಗೆ ಮಾತ್ರ ಬೀಳುತ್ತಿದ್ದ ನರಿ, ಬೆಳದಿಂಗಳಿದ್ದರೆ ಕಣ್ಣಿಗೂ ಬಿದ್ದೀತು.

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿರುವ ನಮ್ಮ ಹುಣಸೆ ತೋಪಿನಲ್ಲಿ ಕಾಡುಪಾಪಗಳಿವೆ. ತೋಪನ್ನು ಸೀಳಿಕೊಂಡು ರಸ್ತೆ ಮಾಡಿದ್ದಾರೆ. ನಾಲ್ಕು ಮರ ಹೋದವು, ಉಳಿದವು ಕ್ಷೇಮವಾಗಿವೆ. ಪ್ರಾಣಿಗಳಿಗೆ ತೊಂದರೆಯಾದೀತೇ?

ಉತ್ತರ: ಆಗುತ್ತದೆ. ಕಾಡುಪಾಪ ಕೋತಿಯಂತೆ ಜಿಗಿಯುವುದಿಲ್ಲ; ಒಂದು ಕೊಂಬೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದನ್ನು ಮುಟ್ಟಿ ನೋಡಿ, ಆಮೇಲಷ್ಟೇ ಮುಂದಡಿಯಿಡುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗದಿದ್ದರೆ ನೆಲಕ್ಕಿಳಿಯಬೇಕು, ಇಳಿದರೆ ನಾಯಿಯೂ ವಾಹನವೂ ಕಾದಿರುತ್ತವೆ. ರಸ್ತೆಯ ಎರಡೂ ಬದಿಯಲ್ಲಿ ಬೇಗ ಹರಡುವ ಹೊಂಗೆ ನೆಟ್ಟು ಮೇಲೆ ಕೂಡಿಕೊಳ್ಳಲು ಬಿಡಿ. ಅಲ್ಲಿಯವರೆಗೆ ಎತ್ತರದಲ್ಲಿ ದಪ್ಪ ಹಗ್ಗವನ್ನೋ ಬಿದಿರನ್ನೋ ಮರದಿಂದ ಮರಕ್ಕೆ ಕಟ್ಟಿಸಬಹುದು, ವಿದ್ಯುತ್ ತಂತಿಯಿಂದ ದೂರವಿರಲಿ. ಅದರ ಮುಖ್ಯ ಆಹಾರ ಹುಳುಹುಪ್ಪಟೆ, ಹಾಗಾಗಿ ತೋಪಿನಲ್ಲಿ ಕೀಟನಾಶಕ ಹೊಡೆಯಬೇಡಿ. ನೋಡುವ ಆಸೆಯಾದಾಗ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಹೋಗಿ, ಎರಡು ನಿಮಿಷ ನೋಡಿ, ಬಂದುಬಿಡಿ. ಫೋಟೋ ತೆಗೆದು ಜಾಗದ ಹೆಸರಿನೊಂದಿಗೆ ವಾಟ್ಸ್ಆ್ಯಪಿನಲ್ಲಿ ಹಂಚಬೇಡಿ. ಮಾಟಮಂತ್ರಕ್ಕೆಂದು ಈ ಪಾಪದ ಪ್ರಾಣಿಯನ್ನು ಹಿಡಿಯುವವರು ಇನ್ನೂ ಇದ್ದಾರೆ.

ಪ್ರಶ್ನೆ: ನನ್ನ ನಂತರ ಮಕ್ಕಳು ಹೊಲ ಮಾರಿದರೂ ಅಲ್ಲಿನ ಮರ, ಹಕ್ಕಿಗಳು ಉಳಿಯುವಂತೆ ಕಾನೂನಿನಲ್ಲಿ ದಾರಿಯಿದೆಯೇ?

ಉತ್ತರ: ಇದೆ, ಆದರೆ ಭಾರವಾದ ದಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಸಿ ಕಲಮಿನಂತೆ, ವ್ಯಕ್ತಿಯೊಬ್ಬರು ತಾವಾಗಿಯೇ ಮುಂದೆ ಬಂದರೆ ರಾಜ್ಯ ಸರ್ಕಾರವು ಅವರ ಖಾಸಗಿ ಜಮೀನನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಘೋಷಣೆಯಾದ ಬಳಿಕ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಅಂದರೆ ನಿಮ್ಮ ಕೈಯನ್ನೂ ನೀವೇ ಕಟ್ಟಿಕೊಂಡಂತೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, 2007ರಲ್ಲಿ ಸಮುದಾಯ ಮೀಸಲಾದ ಊರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲಿ. ಹುಣಸೆ ಫಸಲಿನ ನಷ್ಟಕ್ಕಾಗಿ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಅಲ್ಲಿ ಘೋಷಣೆಗಿಂತ ಎಷ್ಟೋ ಮೊದಲೇ ಊರಿನವರು ಆ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡಿದ್ದರು. ನೀವೂ ಅರ್ಜಿ ಬರೆಯುವ ಮುನ್ನ ಮಕ್ಕಳನ್ನು ಒಂದು ರಾತ್ರಿ ಹೊಲದಲ್ಲಿ ಉಳಿಸಿಕೊಳ್ಳಿ, ಅವರ ಸಮ್ಮತಿ ಕೇಳಿ, ಆಮೇಲೆ ವಲಯ ಅರಣ್ಯಾಧಿಕಾರಿಗಳನ್ನು ಕಾಣಿರಿ.