ಮ್ಯಾಂಟಲ್‌ಗೆ ಕೆಂಪು ಬಣ್ಣ ಬೇಡ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಭೂಕಂಪದ ಲೇಖನದಲ್ಲಿ ಮ್ಯಾಂಟಲ್, ಅಂದರೆ ಭೂಮಿಯ ಹೊರಚಿಪ್ಪಿಗೂ ತಿರುಳಿಗೂ ನಡುವಿನ ದಪ್ಪ ಪದರ, ಗಟ್ಟಿ ಬಂಡೆ ಅಂತ ಬರೆದಿದ್ದೆವು. ನೀವು ಶಾಲೆಯಲ್ಲಿ ಕಲಿತದ್ದು ಬೇರೆ: ಕುದಿಯುವ ಲಾವಾ ಮೇಲೆ ಭೂಫಲಕಗಳು (ಭೂಮಿಯ ಹೊರಪದರದ ದೊಡ್ಡ ತುಂಡುಗಳು) ದೋಣಿಗಳ ಹಾಗೆ ತೇಲುತ್ತವೆ. ನಿಮ್ಮ ಮಗಳೂ ನೋಟ್‌ಬುಕ್ಕಿನಲ್ಲಿ ಮ್ಯಾಂಟಲ್‌ಗೆ ಕೆಂಪು ಹಚ್ಚಿದ್ದಾಳೆ. ಯಾವುದು ಸರಿ, ಯಾರೂ ಅಲ್ಲಿಗೆ ಹೋಗದೆ ಇದೆಲ್ಲ ಗೊತ್ತಾಗಿದ್ದು ಹೇಗೆ ಅಂತ ಕೇಳಿದ್ದೀರಿ.

ಗಟ್ಟಿ ಬಂಡೆ ಅನ್ನುವುದೇ ಸರಿ.

ಅಗೆದು ನೋಡಿದ್ದು ತೀರಾ ಕಡಿಮೆ. ರಷ್ಯಾದ ಕೋಲಾದಲ್ಲಿ ಕೊರೆದ ರಂಧ್ರ 12,262 ಮೀಟರ್‌ಗೆ ನಿಂತಿತು, ಭೂಮಿಯ ನಡುವಿಗೋ 6,371 ಕಿಲೋಮೀಟರ್. ಹೊರಚಿಪ್ಪನ್ನೂ ದಾಟಲಿಲ್ಲ. ಒಳಗಿನ ಸುದ್ದಿ ತಂದದ್ದು ಭೂಕಂಪದ ಅಲೆಗಳು. ಮೊದಲು ಬರುವ ಪಿ ಅಲೆ ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ ಸಾಗುತ್ತದೆ, ಆಮೇಲೆ ಬರುವ ಎಸ್ ಅಲೆ ಅಡ್ಡಡ್ಡ ಅಲುಗಾಡಿಸುತ್ತದೆ. ದ್ರವದೊಳಗೆ ಎಸ್ ಅಲೆ ಸಾಗುವುದಿಲ್ಲ. ಆದರೆ ಮ್ಯಾಂಟಲ್‌ನಲ್ಲಿ ಅದು ಸುಮಾರು 2,900 ಕಿ.ಮೀ. ಆಳದವರೆಗೂ ಹೋಗುತ್ತದೆ! ಅಲ್ಲಿ ಕರಗಿದ ಕಬ್ಬಿಣದ ಹೊರ ತಿರುಳು ಸಿಕ್ಕಿ ನಿಂತುಬಿಡುತ್ತದೆ. ಆ ದ್ರವದ ನಡುವೆ ಬೇರೆ ರೀತಿಯ ಒಂದು ಒಳ ತಿರುಳು ಇದೆ ಅಂತ 1936ರಲ್ಲಿ ಹೇಳಿದವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮನ್, ಪಿ ಅಲೆ ಬರಬಾರದ ಜಾಗದಲ್ಲಿ ದಾಖಲಾಗಿದ್ದ ಕ್ಷೀಣ ಗೆರೆಗಳನ್ನು ಬಿಡದೆ ಲೆಕ್ಕ ಹಾಕಿ. ಕಾಗದದ ಮೇಲಿನ ಆ ಸಣ್ಣ ನಡುಕದಿಂದ ಭೂಮಿಯ ನಡುವಿನವರೆಗೆ ಅವರು ತಲುಪಿದ್ದು ಎಷ್ಟು ಸಲ ಓದಿದರೂ ನನಗೆ ಬೆರಗೇ.

ಗಟ್ಟಿ ಇದ್ದರೆ ಹರಿಯುವುದು ಹೇಗೆ? ಹಿಮನದಿ ನೋಡಿ. ಸುತ್ತಿಗೆಯಿಂದ ಹೊಡೆದರೆ ಅದರ ಮಂಜುಗಡ್ಡೆ ಚೂರಾಗುತ್ತದೆ, ಆದರೂ ವರ್ಷಗಟ್ಟಲೆ ತನ್ನದೇ ಭಾರಕ್ಕೆ ಬೆಟ್ಟದಿಂದ ಕೆಳಗೆ ಹರಿಯುತ್ತದೆ. ಬಿಸಿಯಾದ ಮ್ಯಾಂಟಲ್ ಬಂಡೆಯೂ ಹಾಗೇ, ಕರಗದೆ ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್.

ಹಾಗಾದರೆ ಜ್ವಾಲಾಮುಖಿಯ ಲಾವಾ ಎಲ್ಲಿಂದ ಬಂತು ಅಲ್ವಾ? ಅಷ್ಟು ಬಿಸಿಯಲ್ಲೂ ಬಂಡೆ ಕರಗದಂತೆ ಹಿಡಿದಿರುವುದು ಮೇಲಿನ ಒತ್ತಡ. ಸಾಗರದ ನಡುವೆ ಫಲಕಗಳು ದೂರ ಸರಿಯುವಲ್ಲಿ ಬಿಸಿ ಬಂಡೆ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಸ್ವಲ್ಪ ಭಾಗ ಕರಗುತ್ತದೆ. ಫಲಕವೊಂದು ಇನ್ನೊಂದರ ಕೆಳಗೆ ನುಗ್ಗುವಲ್ಲಿ ಅದರ ಜೊತೆ ಹೋದ ನೀರು ಬಂಡೆಯನ್ನು ಬೇಗ ಕರಗಿಸುತ್ತದೆ. ಅಂಥ ಜಾಗ ಬಿಟ್ಟರೆ ಮ್ಯಾಂಟಲ್ ಬಹುಪಾಲು ಗಟ್ಟಿಯೇ.

ಇನ್ನು ಫಲಕಗಳನ್ನು ಎಳೆಯುವುದು ಯಾರು? ಕೆಳಗಿನ ಹರಿವೇ ಹೊತ್ತೊಯ್ಯುತ್ತದೆ ಅಂತ ಪಠ್ಯದಲ್ಲಿ ಜಾಸ್ತಿ ಹೇಳುತ್ತಾರೆ. ಆದರೆ ದೊಡ್ಡ ಪಾಲು ಫಲಕದ ಸ್ವಂತ ಭಾರದ್ದು. ಸಾಗರತಳ ಹಳೆಯದಾದಷ್ಟೂ ತಣ್ಣಗಾಗಿ ಭಾರವಾಗುತ್ತದೆ, ಕೊನೆಗೆ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಂಥ ಕಡೆ ಮುಳುಗುತ್ತದೆ. ಮೇಜಿನ ಅಂಚಿನಿಂದ ಒದ್ದೆ ಬಟ್ಟೆ ಜಾರಿದ ಹಾಗೆ, ಇಳಿದ ತುದಿ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಸಾಗರತಳದ ಬಹುಪಾಲು 20 ಕೋಟಿ ವರ್ಷಕ್ಕಿಂತ ಚಿಕ್ಕದು, ಖಂಡಗಳ ಮೇಲೆ ಮಾತ್ರ 400 ಕೋಟಿ ವರ್ಷದ ಬಂಡೆ ಉಳಿದಿದೆ.

ಮಗಳ ಚಿತ್ರದ ವಿಷಯ. ಜ್ವಾಲಾಮುಖಿಯ ಕಪ್ಪು ಕಲ್ಲನ್ನು ಒಡೆದಾಗ ಒಮ್ಮೊಮ್ಮೆ ಒಳಗೆ ಹಸಿರು ಹರಳುಗಳ ಗಂಟು ಸಿಗುತ್ತದೆ, ಸಕ್ಕರೆಯಂತೆ ತರಿತರಿಯಾಗಿ. ಲಾವಾ ದಾರಿಯಲ್ಲಿ ಕಿತ್ತು ತಂದ ಮ್ಯಾಂಟಲ್ ಚೂರು ಅದು. ಹಸಿರು ಆಲಿವಿನ್ ಎಂಬ ಖನಿಜದ ಹರಳಿನದು. ಹಾಗಾಗಿ ಮ್ಯಾಂಟಲ್‌ನ ಮೇಲ್ಭಾಗಕ್ಕೆ ಹಸಿರು ಹಚ್ಚಲು ಹೇಳಿ. ಕೆಂಪು ಬಣ್ಣ ಹೊರ ತಿರುಳಿಗೆ ಇರಲಿ, ನಿಜಕ್ಕೂ ಕರಗಿರುವುದು ಅದೇ.

ಸಂಪಾದಕ